ಮುನ್ನೂರ ನಲವತ್ತು ಎಂಬಿ ಫರಕು

ಇಪ್ಪತ್ತಾರು ವರ್ಷ ಕಾಟಾದ ಮುಂದೆ ನಿಂತು ತೂಕ ಮಾಡಿದವನಿಗೆ ಮೊಣಕಾಲೂ ಉಳಿಯುವುದಿಲ್ಲ, ಸಮಾಧಾನವೂ ಉಳಿಯುವುದಿಲ್ಲ. ನನ್ನ ಹೆಸರು ದುಂಡಪ್ಪ. ಊರು ಕಾಕತಿ, ಕೆಲಸ ಮಚ್ಛೆಯ ಒಂದು ಫೌಂಡ್ರಿಯಲ್ಲಿ. ಬೆಳಗಾವಿಯ ಆ ತುದಿಯಿಂದ ಈ ತುದಿಗೆ ದಿನಾ ಎರಡು ಬಸ್ಸು, ಸಂಜೆ ಮತ್ತೆ ಎರಡು. ಟಿಳಕವಾಡಿಯ ರೈಲು ಗೇಟು ಬಿದ್ದಿದ್ದರೆ ಅರ್ಧ ತಾಸು ಹೆಚ್ಚಿಗೆ. ಕನಿಕರ ಬರಲಿ ಎಂದು ಇದನ್ನು ಹೇಳುತ್ತಿಲ್ಲ. ಬಸ್ಸಿನ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ನಮ್ಮ ಮಾಲಕರು ಬಸಲಿಂಗಪ್ಪನವರು. ಅವರಪ್ಪ ಹಾಕಿದ ಫೌಂಡ್ರಿ, ಅವರಪ್ಪ ಹಾಕಿದ ಪದ್ಧತಿ. ಕುಲುಮೆಗೆ ಎಷ್ಟು ಕಬ್ಬಿಣ ಹೋಯಿತು ಎಂದು ತೂಗಬೇಕು. ಎರಕವಾಗಿ ಎಷ್ಟು ಬಂತು, ಚೂರಾಗಿ ಎಷ್ಟು ಉಳಿಯಿತು ಎಂದು ಮತ್ತೆ ತೂಗಬೇಕು. ಸುಟ್ಟು ಹೋದದ್ದಕ್ಕೆ ನೂರಕ್ಕೆ ಆರು ಟಕ್ಕೆ ಮಾಫಿ. ಅದನ್ನು ದಾಟಿ ಕೊರತೆ ಬಿದ್ದರೆ ಅದು ಫರಕು, ಅಂದರೆ ಯಾರೋ ಕದ್ದಿದ್ದಾರೆ. ಹೊಣೆಗಾರನ ಹೆಸರು ಬರೆದ ಫರಕು ಚೀಟಿಯನ್ನು ಗೇಟಿನ ಹಲಗೆಗೆ ಅಂಟಿಸುತ್ತಾರೆ. ಎಂಟು ದಿನ ಎಲ್ಲರೂ ಓದುತ್ತಾರೆ. ಹೆಸರು ಬಂದವನು ಕಾಟಾಕ್ಕೆ ಕೈ ಹಚ್ಚುವಂತಿಲ್ಲ, ನಾನೇ ಇನ್ನೊಮ್ಮೆ ತೂಗಿ ತೋರಿಸುತ್ತೇನೆ ಎಂದು ಕಾಲಿಗೆ ಬಿದ್ದರೂ ಬಿಡುವುದಿಲ್ಲ. ನನ್ನ ಕಾಲದಲ್ಲಿ ಮೂವರು ಹೀಗೆ ಮನೆಗೆ ಹೋದರು. ಮೂರೂ ಸಲ ಅಂಕಿ ಕೊಟ್ಟವನು ನಾನು. ಕೊನೆಯವನು ಕರೆಪ್ಪ, ಎರಕದ ಅಚ್ಚು ಮಾಡುವವನು. ಹನ್ನೊಂದು ವರ್ಷ ನನ್ನ ಬಾಜು ಕೂತು ಬುತ್ತಿ ಬಿಚ್ಚಿದವನು.

ತೊಂಬತ್ತೊಂಬತ್ತರಲ್ಲಿ ಕಂಪ್ಯೂಟರ್ ಬಂತು, ಅದನ್ನು ನೋಡಿಕೊಳ್ಳಲು ಪ್ರಮಿಳಾ ಬಂದಳು. ಖಾನಾಪುರದವಳು, ವಯಸ್ಸು ಇಪ್ಪತ್ತನಾಲ್ಕು. ಅಪ್ಪ ಮೈಲಾರಲಿಂಗ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಕುರಿ ಬಿಟ್ಟು ಸಂಬಳಕ್ಕೆ ಬಂದ ಮನೆ, ಆ ಮನೆಯ ಮೊದಲ ಡಿಪ್ಲೊಮಾ ಅವಳದು. ಬೆಳಿಗ್ಗೆ ಖಾನಾಪುರದ ಬಸ್ಸಿಗೆ ಬಂದು ಮಚ್ಛೆಯಲ್ಲಿ ಇಳಿಯುತ್ತಿದ್ದಳು. ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಆ ಯಂತ್ರಕ್ಕೆ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿದಳು. ಇದು ಪುಕ್ಕಟೆ ಎಂದು ಕೇಳಿ ಮಾಲಕರ ಮುಖ ಅರಳಿತು. ಯಾವ ಯಾವ ಸಾಮಾನು ಹಾಕಲಿ ಎಂದು ಯಂತ್ರ ಕೇಳಿದಾಗ ಅವರು ಅವಳ ಹಿಂದೆಯೇ ನಿಂತಿದ್ದರು.

"ಪುಕ್ಕಟೆ ಅಂದಮ್ಯಾಲ ಎಲ್ಲಾ ಹಾಕವಾ. ಯಾಕ ಬಿಡಬೇಕು?"

"ಎಲ್ಲಾ ಹಾಕಿದ್ರ ಜಾಗ ಭಾಳ ತಿಂತೈತ್ರಿ ಮಾಲಕರ."

"ತಿನ್ನಲಿ ಬಿಡು. ಎರಡು ಜಿಬಿ ಐತಿ ಅಂದ್ರಲ್ಲ ಅಂಗಡ್ಯಾವ್ರು!"

ಎಲ್ಲಾ ಹಾಕಿದಳು. ದಿನದ ತೂಕದ ವರದಿಯನ್ನು ನಾನು ಅದರಲ್ಲೇ ತುಂಬಿ, ಸಂಜೆ ಅಚ್ಚು ಹಾಕಿ ಮಾಲಕರ ಮೇಜಿನ ಮೇಲೆ ಇಡಬೇಕೆಂದು ಅಪ್ಪಣೆಯಾಯಿತು. ವರದಿಯ ತಲೆಯ ಮೇಲೆ ಅವರಪ್ಪನ ಫೋಟೋ ಇರಬೇಕು. ಪ್ರಮಿಳಾ ಅದನ್ನೂ ಕೂರಿಸಿ ಕೊಟ್ಟಳು. ಹಿರಿಯರ ರುಮಾಲು, ಮೀಸೆ, ಕನ್ನಡಕ ಎಲ್ಲಾ ಕೂಡಿ ಒಂದು ವರದಿ ಒಂದು ಎಂಬಿ ಆಗುತ್ತಿತ್ತಂತೆ. ಒಂದು ಎಂಬಿ ಎಂದರೆ ಎಷ್ಟು ಎಂದು ಆಗ ನನಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಉಮೇದೂ ಇರಲಿಲ್ಲ.

ಆ ವರ್ಷ ದಸರೆ ಆದ ಮೇಲೆ ಪ್ರಿಂಟರ್ ಕೆಟ್ಟಿತು. ರಿಪೇರಿಗೆಂದು ಖಡೇಬಜಾರಿಗೆ ಹೋದದ್ದು, ಸಾಮಾನು ಪುಣೆಯಿಂದ ಬರಬೇಕೆಂದು ಅಲ್ಲೇ ಕೂತಿತು. ವರದಿ ಎಲ್ಲಿ ಎಂದು ಮಾಲಕರು ಕೇಳಲಿಲ್ಲ. ನಿಲ್ಲಿಸು ಎಂದೂ ಯಾರೂ ನನಗೆ ಹೇಳಲಿಲ್ಲ. ನಾನು ದಿನಾ ಸಂಜೆ ವರದಿ ತುಂಬಿ, ಅಚ್ಚು ಹಾಕುವ ಗುಂಡಿ ಒತ್ತಿ, ಸಿಟ್ಟಿಗೆ ಇನ್ನೂ ಎರಡು ಮೂರು ಸಲ ಒತ್ತಿ, ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದೆ. ಅಪ್ಪಣೆ ಪಾಲಿಸಿದ ಹಾಗೆ ಆಯಿತಲ್ಲ. ಖರೇ ತೂಕ ನನ್ನ ಕೈಬರಹದ ವಹಿಯಲ್ಲಿ ಇದ್ದೇ ಇರುತ್ತಿತ್ತು.

ಫೆಬ್ರುವರಿಯಲ್ಲಿ ಪುಣೆಯ ಗಿರಾಕಿಯೊಬ್ಬರಿಂದ ದೊಡ್ಡ ಆರ್ಡರು ಬಂತು, ಜೊತೆಗೆ ಒಂದು ಸಿಡಿ ತುಂಬಾ ಡ್ರಾಯಿಂಗು. ಯಂತ್ರದೊಳಗೆ ಹಾಕಲು ಹೋದರೆ ಜಾಗವಿಲ್ಲ ಎಂದಿತು. ಮಾಲಕರು ಉರಿದುಬಿದ್ದರು. ಎರಡು ಜಿಬಿ ಡಿಸ್ಕು ಆರೇಳು ತಿಂಗಳಲ್ಲಿ ಹೇಗೆ ತುಂಬಿತು, ಏನೇನಿದೆ ಅದರಲ್ಲಿ ಎಂದು ಕೇಳಿದರು. ಅಕ್ಕನ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಪ್ರಮಿಳಾ ಮರುದಿನದಿಂದ ಎರಡು ದಿನ ರಜೆ ಹೋಗುವವಳಿದ್ದಳು.

"ದುಂಡಪ್ಪಾ, ತೂಕದ ಕೆಲಸ ನಿಂದು. ನೀ ತೂಗು. ಆಕಿ ಬರೂದ್ರಾಗ ನನಗ ಅಂಕಿ ಬೇಕು" ಎಂದರು ಮಾಲಕರು.

ಪ್ರಮಿಳಾ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಯಾರೂ ನನಗೆ ಅಷ್ಟು ಸಾವಧಾನದಿಂದ ಏನನ್ನೂ ಕಲಿಸಿಲ್ಲ, ನನ್ನ ಮಕ್ಕಳಂತೂ ಅಲ್ಲವೇ ಅಲ್ಲ.

"ನೋಡ್ರಿ ಕಾಕಾರ, ನಾವು ಹಾಕಿದ ಸಾಮಾನು ಒಂದೊಂದಕ್ಕೂ ಪ್ಯಾಕೇಜ್ ಅಂತಾರ. ಯಾವ ಪ್ಯಾಕೇಜು ಎಷ್ಟ ಜಾಗ ಹಿಡದೈತಿ ಅಂತ ಇದ ಪಟ್ಟಿ ಇಟ್ಟಿರತೈತಿ. ಈ ಸಾಲು ಹೊಡೀರಿ. ಸಣ್ಣದು ಮ್ಯಾಲ, ದೊಡ್ಡದು ತಳಕ್ಕ ಬರತಾವು. ತಳದಾಗಿನ ಹತ್ತು ಹನ್ನೆರಡು ತಗದ್ರ ಸಾಕು, ಡ್ರಾಯಿಂಗ್ ಕುಂದರತಾವು."

ಹಳೆಯ ಚಲನ್ ಒಂದರ ಹಿಂಬದಿಗೆ ಎಲ್ಲವನ್ನೂ ಬರೆದುಕೊಟ್ಟಳು. ಪಟ್ಟಿ ತೆಗೆಯುವ ಸಾಲು ಮೊದಲು. ಡಿಸ್ಕಿನಲ್ಲಿ ನಮ್ಮ ಡ್ರಾಯಿಂಗು ಮತ್ತು ವಹಿಗಳು ಇರುವ ಫೋಲ್ಡರಿಗೆ ಅವಳು ಕೋಣೆ ಎನ್ನುತ್ತಿದ್ದಳು; ಅದರ ತೂಕ ಹೇಳುವ ಸಾಲು ಕೆಳಗೆ. ಕೊನೆಗೆ ಇಡೀ ಡಿಸ್ಕು ಎಷ್ಟು ತುಂಬಿದೆ ಎಂದು ಹೇಳುವ ಎರಡೇ ಅಕ್ಷರದ ಅಪ್ಪಣೆ. ಪ್ಯಾಕೇಜು ತೆಗೆಯುವುದು ಹೇಗೆ ಎಂಬುದನ್ನೂ ಮೂಲೆಯಲ್ಲಿ ಬರೆದು, ತೆಗೆಯಬಹುದಾದ ಹನ್ನೆರಡರ ಹೆಸರನ್ನೂ ಬರೆದು ಅಡಿಗೆರೆ ಎಳೆದಿದ್ದಳು.

ನಾನೂರ ಮೂವತ್ತು ಪ್ಯಾಕೇಜು ಇದ್ದವು. ಮೊತ್ತ ಅದೇ ಹಾಕುತ್ತದೆ ಎಂದು ಅವಳು ಹೇಳಿದ್ದಳು, ಆದರೆ ನನಗೆ ನನ್ನ ಕೈಯ ಮೇಲೆ ಮಾತ್ರ ಭರವಸೆ. ಎರಡು ದಿನ ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿಸಿದೆ. ಇಸ್ಪೀಟಾಟ ಇತ್ತು, ಚದುರಂಗವಿತ್ತು. ಪುಸ್ತಕ ಅಚ್ಚಿಗೆ ಸಿದ್ಧ ಮಾಡುವ ಸಾಮಾನು ಒಂದೇ ಐವತ್ತು ಎಂಬಿ ಹಿಡಿದಿತ್ತು. ಜರ್ಮನ್ ಭಾಷೆಯ ಕೈಪಿಡಿ ಕೂಡ ಇತ್ತು. ಮಚ್ಛೆಯ ಫೌಂಡ್ರಿಯಲ್ಲಿ ಜರ್ಮನ್ ಓದುವವರು ಯಾರು? ಎರಡನೆಯ ಸಂಜೆ ಮೊತ್ತ ಬಂತು. ಪ್ಯಾಕೇಜುಗಳದು ಸಾವಿರದ ನೂರ ಎಂಬತ್ತು ಎಂಬಿ. ನಮ್ಮ ಕೋಣೆಯದು ಮುನ್ನೂರ ತೊಂಬತ್ತೈದು. ಎರಡೂ ಕೂಡಿ ಸಾವಿರದ ಐನೂರ ಎಪ್ಪತ್ತೈದು. ಡಿಸ್ಕು ಮಾತ್ರ ಸಾವಿರದ ಒಂಬೈನೂರ ಹದಿನೈದು ತುಂಬಿದೆ ಎನ್ನುತ್ತಿತ್ತು.

ಮುನ್ನೂರ ನಲವತ್ತು ಎಲ್ಲಿ ಹೋಯಿತು? ಮೂರು ಸಲ ಕೂಡಿಸಿದೆ. ಅಷ್ಟೇ ಬಂತು. ಪ್ರಮಿಳಾ ಬರುವ ತನಕ ತಡೆದು ಅವಳನ್ನು ಕೇಳಬಹುದಿತ್ತು. ತಡೆಯಲಿಲ್ಲ. ಕೈಗೆ ರೂಢಿಯಾದ ಫಾರಂ ತೆಗೆದೆ. ಪ್ಯಾಕೇಜು ಇಷ್ಟು, ಕೋಣೆ ಇಷ್ಟು, ತುಂಬಿದ್ದು ಇಷ್ಟು, ಫರಕು ಮುನ್ನೂರ ನಲವತ್ತು ಎಂದು ಬರೆದು ಸಹಿ ಹಾಕಿ ಮಾಲಕರ ಕೈಗೆ ಕೊಟ್ಟೆ.

ಮಾಲಕರು ಫಾರಂ ನೋಡಿ ಕ್ಯಾಲ್ಕ್ಯುಲೇಟರ್ ಒತ್ತಿದರು. "ಹದಿನೇಳು ಟಕ್ಕೆ ಮ್ಯಾಲ ಆತಲ್ಲೋ ದುಂಡಪ್ಪಾ. ಕಬ್ಬಿಣ ಸುಟ್ಟರೂ ಆರರ ಮ್ಯಾಲ ಹೋಗಂಗಿಲ್ಲ. ಇದರಾಗ ಬೆಂಕೀನ ಇಲ್ಲ. ಆ ಹುಡುಗಿ ಮನಿಯಿಂದ ಸಿಡಿ ತರತಿದ್ಲಲ್ಲ?"

"ಓದಾಕ ತರತಾಳ್ರಿ ಅದು."

"ಓದಾಕ! ಬ್ಯಾರೆ ಯಾರದೋ ಕೆಲಸ ನಮ್ಮ ಮಷೀನಿನಾಗ ಮಾಡಾಕತ್ತಾಳ. ನಮ್ಮ ಡ್ರಾಯಿಂಗ್ ಯಾರಿಗರೆ ಕೊಟ್ಟರೂ ಕೊಟ್ಟಿರಬೇಕು."

ನಾನು ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅಂಕಿ ಕೊಡುವುದು ನನ್ನ ಕೆಲಸ, ಅರ್ಥ ಮಾಡುವುದು ಅವರ ಕೆಲಸ ಎಂದು ಇಪ್ಪತ್ತಾರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

ಮರುದಿನ ಪ್ರಮಿಳಾ ತೊಟ್ಟಿಲಿನ ಪೇಡೆ ತಂದಿದ್ದಳು. ಸಂಜೆ ಐದಕ್ಕೆ ಮಾಲಕರು ಅವಳನ್ನು ಕರೆಸಿ ನನ್ನ ಫಾರಂ ತೋರಿಸಿದರು. ಅವಳು ಮೊದಲು ನಕ್ಕಳು. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದಳು.

"ಮಾಲಕರ, ಪ್ಯಾಕೇಜಿನ ಪಟ್ಟಿ ಅಂದ್ರ ಗೇಟಿನಾಗ ಚಲನ್ ಸಂಗಾಟ ಬಂದ ಮಾಲು ಇದ್ದಂಗ್ರಿ. ಒಳಗ ಬಂದಮ್ಯಾಲ ನಾವು ಮಾಡಿದ್ದು ಚಲನ್‌ದಾಗ ಇರತೈತೇನ್ರಿ? ಮಷೀನ ತಾನ ಬರಕೊಳ್ಳೂದು, ತಗದಿಟ್ಟ ಕಾಗದ, ಅವೆಲ್ಲಾ ಬ್ಯಾರೆ ಕಡೆ ಇರತಾವು. ಒಂದೊಂದು ಕೋಣಿ ತೂಗಿದ್ರ ಹತ್ತು ಮಿಂಟಿನಾಗ ಸಿಗತೈತಿ. ನಾ ಈಗ ತೋರಸ್ತೇನಿ."

"ಹೆಸರು ಬಂದಾವ್ರು ಕಾಟಾಕ್ಕ ಕೈ ಹಚ್ಚಂಗಿಲ್ಲವಾ. ನಮ್ಮ ಅಪ್ಪನ ಕಾಲದ ನೇಮ ಅದು."

"ಹಂಗಾರ ಕಾಕಾರ ಒತ್ತಲಿ. ನಾ ದೂರ ನಿಂತು ಹೇಳತೇನಿ."

ಮಾಲಕರು ನನ್ನ ಕಡೆ ನೋಡಿದರು. ಇದಕ್ಕೆ ಅವರ ಅಪ್ಪನ ಕಾಲದಲ್ಲಿ ನೇಮವಿರಲಿಲ್ಲ. "ದುಂಡಪ್ಪಾ, ಕುಂದ್ರತೀ ಏನು?" ಎಂದರು.

ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು. ಐದು ನಲವತ್ತರ ಬಸ್ಸು ತಪ್ಪಿದರೆ ಬೆಳಗಾವಿಯಲ್ಲಿ ಕಾಕತಿಯ ಬಸ್ಸಿಗೆ ಒಂದು ತಾಸು ನಿಲ್ಲಬೇಕು, ಬಂದ ಮೇಲೂ ನಿಂತೇ ಹೋಗಬೇಕು. ಎರಡು ದಿನ ಸಾವಿರಾರು ಅಂಕಿ ಕೂಡಿಸಿ ಕಣ್ಣು ಉರಿಯುತ್ತಿದ್ದವು. ಮೊಣಕಾಲಿನ ಮಾತು ಬಿಡಿ. ನನಗೆ ದಣಿವಾಗಿತ್ತು. ನಿಜ ಅಷ್ಟೇ.

"ನಾಳೆ ನೋಡೂಣು ತಂಗಿ. ಬಸ್ ಹೊಕ್ಕೈತಿ" ಎಂದೆ.

ಅವಳು ನನ್ನನ್ನೇ ನೋಡಿದಳು. ಬೇಡಿಕೊಳ್ಳಲಿಲ್ಲ. "ಹೂಂ, ನಾಳೆ ಬರ್ರಿ ಹಂಗಾರ" ಎಂದಳು. ನಾನು ಚೀಲ ಎತ್ತಿಕೊಂಡೆ. ಹೊರಡುವ ಮುಂಚೆ ರೂಢಿಯಂತೆ ಆ ದಿನದ ವರದಿಯ ಗುಂಡಿಯನ್ನೂ ಒತ್ತಿದೆ, ನಾಲ್ಕು ಸಲ.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಚೀಟಿ ಇತ್ತು. ಪ್ರಮಿಳಾ ಮೈಲಾರಲಿಂಗ, ಫರಕು 340. ಕಿಲೋ ಎಂದು ಅಚ್ಚಾಗಿದ್ದ ಕಡೆ ಯಾರೋ ಹೊಡೆದುಹಾಕಿ ಎಂಬಿ ಎಂದು ಬರೆದಿದ್ದರು. ಮುನ್ನೂರ ನಲವತ್ತು ಏನು, ಹೇಗೆ ಹೊತ್ತುಕೊಂಡು ಹೋದಳು ಎಂದು ಹಮಾಲರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಗೇಟಿನ ಸತ್ಯಪ್ಪ ಅವಳನ್ನು ಒಳಗೆ ಬಿಡಲಿಲ್ಲ. ಅಪ್ಪಣೆಯಾಗಿತ್ತು. ಹಿಂದಿನ ದಿನ ಬಿಟ್ಟುಹೋಗಿದ್ದ ಊಟದ ಡಬ್ಬಿಯನ್ನು ತಂದು ಅವಳ ಕೈಗೆ ಕೊಟ್ಟ. ಅವಳು ಚೀಟಿಯನ್ನು ಪೂರ್ತಿ ಓದಿ, ರಸ್ತೆ ದಾಟಿ, ಖಾನಾಪುರದ ಬಸ್ಸಿಗೆ ನಿಂತಳಂತೆ. ನನ್ನ ಬಸ್ಸು ಆ ದಿನ ಟಿಳಕವಾಡಿಯ ರೈಲು ಗೇಟಿನಲ್ಲಿ ಸಿಕ್ಕು ತಡವಾಗಿತ್ತು. ನಾನು ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಅವಳು ಗೆರೆ ಎಳೆದಿದ್ದ ಹನ್ನೆರಡು ಪ್ಯಾಕೇಜುಗಳನ್ನು ಅವಳ ಬರಹ ನೋಡಿಕೊಂಡೇ ನಾನು ತೆಗೆದೆ. ಡ್ರಾಯಿಂಗು ಕೂತವು. ಯಂತ್ರ ಇನ್ನು ಡ್ರಾಯಿಂಗಿಗೇ ಬೇಕೆಂದಾಗಿ ನನ್ನ ದಿನದ ವರದಿ ಅಲ್ಲಿಗೆ ನಿಂತಿತು. ಮಾಲಕರು ನನ್ನ ಬೆನ್ನು ತಟ್ಟಿದರು. ಎರಡು ವಾರದ ಮೇಲೆ ಅವಳಿಂದ ಒಂದು ಕಾಗದ ಬಂತು. ಖಾನಾಪುರದಲ್ಲಿ ಹೊಸ ಕಂಪ್ಯೂಟರ್ ತರಬೇತಿ ಕೇಂದ್ರವೊಂದು ಕಲಿಸುವ ಕೆಲಸ ಕೊಡುವುದಿದೆ, ಹಿಂದಿನ ಮಾಲಕರ ಪತ್ರ ಕೇಳುತ್ತಿದ್ದಾರೆ, ದಯಮಾಡಿ ಎರಡು ಸಾಲು ಬರೆದುಕೊಡಬೇಕು ಎಂದಿತ್ತು. ಮಾಲಕರು ಓದಿ ಮೇಜಿನ ಖಾನೆಗೆ ಹಾಕಿದರು. ನಾನೂ ನೋಡಿದೆ. ನೋಡಿ ಕಾಟಾದ ಕಡೆ ಹೋದೆ.

ಹೋಳಿ ಆದ ಮೇಲೆ ಪ್ರಿಂಟರ್ ಬಂತು. ತಂದವನು ಪ್ರಸಾದ ಎಂಬ ರಿಪೇರಿಯವನು. ಮಧ್ಯಾಹ್ನದ ಹೊತ್ತು. ತಂತಿ ಸಿಕ್ಕಿಸಿ, ಕಾಗದ ತುಂಬಿ, ಚಾಲೂ ಮಾಡಿದ. ನಾನಾಗಲಿ ಅವನಾಗಲಿ ಏನನ್ನೂ ಒತ್ತಿರಲಿಲ್ಲ. ಅದು ತಾನೇ ಅಚ್ಚು ಹಾಕಲು ಹತ್ತಿತು. ಮೊದಲು ರುಮಾಲು ಬಂತು, ಆಮೇಲೆ ಮೀಸೆ, ಆಮೇಲೆ ಅಕ್ಟೋಬರಿನ ಯಾವುದೋ ತಾರೀಖು, ಆ ದಿನದ ತೂಕ. ಕೆಳಗೆ 'ತಯಾರಿಸಿದವರು: ದುಂಡಪ್ಪ'. ಮತ್ತೆ ರುಮಾಲು, ಮತ್ತೆ ಅದೇ ತಾರೀಖು. ಮೂರನೆಯ ಸಲವೂ ಅದೇ. ಆಮೇಲೆ ಮರುದಿನದ್ದು ಶುರುವಾಯಿತು.

"ಕಾಕಾ, ಏನ್ರಿ ಇದು? ಸಾಲು ಹಚ್ಚಿ ಕುಂತಾವು! ಪ್ರಿಂಟರ್ ಇರಲಾರದಾಗ ಗುಂಡಿ ಒತ್ತಾಕತ್ತಿದ್ರೇನು?" ಎಂದು ಪ್ರಸಾದ ನಕ್ಕ. "ಒತ್ತಿದ್ದು ಎಲ್ಲಿ ಹೊಕ್ಕೈತ್ರಿ, ಡಿಸ್ಕಿನಾಗ ಹಂಗ ಕುಂದರತೈತಿ. ಮುನ್ನೂರರ ಮ್ಯಾಲ ಅದಾವ ನೋಡ್ರಿ. ತಗದ ಬಿಡ್ಲಿ?"

"ತಡಿ" ಎಂದೆ. ಅವನಿಗಿಂತ ಮುಂಚೆ ಆ ಎರಡಕ್ಷರ ಒತ್ತಿ, ತುಂಬಿದ್ದು ಎಷ್ಟು ಎಂದು ಬರೆದುಕೊಂಡೆ. "ಈಗ ತಗಿ" ಎಂದೆ. ಅವನು ತೆಗೆದ. ಮತ್ತೆ ಅದೇ ಎರಡಕ್ಷರ ಒತ್ತಿದೆ. ಮುನ್ನೂರ ಇಪ್ಪತ್ತೈದು ಎಂಬಿ ಖಾಲಿಯಾಗಿತ್ತು. ಉಳಿದದ್ದು ನೂರಕ್ಕೆ ಒಂದು ಟಕ್ಕೆಯ ಆಸುಪಾಸು, ಮಾಫಿಯ ಒಳಗೇ. ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ನಾಚಿಕೆಯಾಯಿತು. ಅತ್ತುಬಿಡುತ್ತಿದ್ದೆನೋ ಏನೋ, ಪ್ರಸಾದ ಇದ್ದನೆಂದು ತಡೆದುಕೊಂಡೆ. ಕಳ್ಳತನ ಎಂದು ಬರೆದುಕೊಟ್ಟ ಮಾಲನ್ನು ನಾನೇ ದಿನಾ ಸಂಜೆ ಒಂದೊಂದಾಗಿ ಒಳಗೆ ಒಟ್ಟಿದ್ದೆ. ಅವಳು ಕೇಳಿದ ಆ ಹತ್ತು ನಿಮಿಷ ನಾನು ಕೂತಿದ್ದರೆ ಆಗಲೇ ಸಿಗುತ್ತಿತ್ತು.

ಅಚ್ಚಾದ ಹಾಳೆಗಳನ್ನು ಹಿಡಿದು ಮಾಲಕರ ಕಡೆ ಹೋದೆ. ಎಲ್ಲ ಹೇಳಿದೆ. ಅವರು ಅಪ್ಪನ ಫೋಟೋ ನೋಡುತ್ತ ಕೇಳಿಸಿಕೊಂಡರು.

"ಆಗಿದ್ದು ಆಗಿ ಹೋತು. ಸುಮ್ಮನಿರು" ಎಂದರು.

"ಆಕಿಗೆ ಪತ್ರರೆ ಕೊಡ್ರಿ ಮಾಲಕರ."

"ಪತ್ರ ಕೊಟ್ಟರ ನಿನ್ನ ತೂಕ ತಪ್ಪಿತ್ತು ಅಂದಂಗಾತು. ನಾಳೆ ಕರೆಪ್ಪನ ಮಗ ಬಂದು ಗೇಟಿನಾಗ ನಿಲ್ಲತಾನ, ನಮ್ಮಪ್ಪನ ತೂಕಾನೂ ಹಿಂಗ ಏನ್ರಿ ಅಂತ. ಏನ ಹೇಳತೀ?"

ಕರೆಪ್ಪನ ಪಾಳಿಯಲ್ಲಿ ನಲವತ್ತೆರಡು ಕಿಲೋ ಕೊರತೆ ಬಿದ್ದಿತ್ತು. ಆ ದಿನ ನಾನು ಎಷ್ಟು ಸಲ ತೂಗಿದ್ದೆ, ಯಾವ ಬಸ್ಸಿಗೆ ಹೋಗಿದ್ದೆ, ಯಾವುದೂ ನೆನಪಿರಲಿಲ್ಲ. ನೆನಪಾಗಲಿಲ್ಲ ಎನ್ನುವುದೇ ನನಗೆ ಹೆದರಿಕೆ ತಂದಿತು.

ಖಾಲಿ ಫರಕು ಚೀಟಿಗಳ ಕಟ್ಟು ನನ್ನ ಖಾನೆಯಲ್ಲೇ ಇರುತ್ತದೆ. ಎರಡು ಚೀಟಿ ಬರೆದೆ. ಹೆಸರು: ದುಂಡಪ್ಪ, ಕಾಟಾ ವಿಭಾಗ. ಫರಕು: 340 ಎಂಬಿ. ಕಾರಣ: ತೂಗಿದವನ ತಪ್ಪು, ಪ್ರಮಿಳಾ ಅವರದು ಏನೂ ಇಲ್ಲ. ಒಂದನ್ನು ಗೇಟಿನ ಹಲಗೆಗೆ ಅಂಟಿಸಿದೆ. ಸತ್ಯಪ್ಪ ಬಾಯಿ ತೆರೆದು ನೋಡುತ್ತಿದ್ದ. ಮಾಲಕರು ಎರಡು ಸಲ ಹೇಳಿಕಳಿಸಿದರು, ತೆಗೆ ಎಂದು. ತೆಗೆಯಲಿಲ್ಲ. ನೇಮದ ಪ್ರಕಾರ ನಾನು ಇನ್ನು ಕಾಟಾಕ್ಕೆ ಕೈ ಹಚ್ಚುವಂತಿಲ್ಲ. ಹಚ್ಚಲೂ ಇಲ್ಲ. ಈಗ ಗೋದಾಮಿನಲ್ಲಿ ಮರಳಿನ ಚೀಲ ಎಣಿಸುತ್ತೇನೆ.

ರಜೆಯ ದಿನ ಇನ್ನೊಂದು ಚೀಟಿ ಜೇಬಿನಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋದೆ. ಮಚ್ಛೆಯನ್ನು ದಾಟಿ ಅತ್ತ ಹೋದದ್ದು ಎಷ್ಟೋ ವರ್ಷದ ಮೇಲೆ. ಸ್ಟೇಷನ್ನಿನ ಹಿಂದೆ ರೈಲ್ವೆ ಮನೆಗಳ ಸಾಲಿನಲ್ಲಿ ಕೇಳಿಕೊಂಡು ಹೋದೆ. ಮೈಲಾರಲಿಂಗ ಅಂಗಳದಲ್ಲಿ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಯಾರು ಎಂದು ಹೇಳಿದ ಮೇಲೆ ಅವನ ಕೈ ನಿಂತಿತು. ಆದರೂ "ಬರ್ರಿ, ಕುಂದರ್ರಿ" ಎಂದ. ಅವನ ಹೆಂಡತಿ ಮಾಯಕ್ಕ ನೀರು ತಂದಿಟ್ಟಳು. ಪ್ರಮಿಳಾ ಹೊರಗೆ ಬಂದಳು. ಸೊರಗಿದ್ದಳು.

ಚೀಟಿ ಕೊಟ್ಟೆ. ನಿಂತೇ ಓದಿದಳು. ಗುಂಡಿ ಒತ್ತಿದ ಕಥೆಯನ್ನೆಲ್ಲಾ ಹೇಳಿದೆ, ಏನನ್ನೂ ಮುಚ್ಚಲಿಲ್ಲ.

"ಪ್ರಿಂಟಿನ ಸಾಲಿನಾಗ ಇತ್ತೇನ್ರಿ" ಎಂದಳು. "ನಾ ಮೊದಲ ಅಲ್ಲೇ ನೋಡತಿದ್ದೆ."

"ಇದನ್ನ ಆ ಕೇಂದ್ರದಾವ್ರಿಗೆ ತೋರಸವಾ. ನನ್ನ ಸಹಿ ಐತಿ, ಫೌಂಡ್ರಿದು ಶಿಕ್ಕಾ ಹೊಡದೈತಿ. ಬೇಕಂದ್ರ ನಾನೂ ಬಂದು ಹೇಳತೇನಿ."

"ಹ್ವಾದ ಸೋಮವಾರ ಬ್ಯಾರೆಯವ್ರನ್ನ ತಗೊಂಡ್ರು ಕಾಕಾರ. ಪತ್ರಕ್ಕ ಹದಿನೈದು ದಿನ ಹಾದಿ ನೋಡಿದ್ರು. ಅವರದೇನೂ ತಪ್ಪಿಲ್ಲ."

ಮೈಲಾರಲಿಂಗ ಬೂಟು ಕೆಳಗಿಟ್ಟ. "ನಿಮ್ಮ ಗೇಟಿಗೆ ಹಚ್ಚಿದ್ದು ಖಾನಾಪುರದ ತನಕ ಬಂತ್ರಿ. ನಿಮ್ಮ ಕಡೆ ಕೆಲಸಕ್ಕ ಬರೋ ಮಂದಿ ಇಲ್ಲೂ ಅದಾರಲ್ಲ" ಎಂದ. "ಇದನ್ನ ನಾ ಎಲ್ಲಿ ಹಚ್ಚಲಿ?"

ಮಾಯಕ್ಕ ತಂದ ಚಹಾ ಕುಡಿದೆ. ಬೇಡ ಎನ್ನುವ ಮುಖ ನನಗಿರಲಿಲ್ಲ. ಹೊರಟಾಗ ಪ್ರಮಿಳಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ತನಕ ಬಂದಳು. ನನಗೆ ಬೈಯುತ್ತಾಳೆ, ಬೈಯಲಿ, ಬೈದರೆ ಹಗುರಾಗುತ್ತದೆ ಎಂದು ಕಾಯ್ದೆ. ಬೆಳಗಾವಿಯ ಬಸ್ಸು ದೂರದಲ್ಲಿ ಕಂಡಿತು.

"ಕಾಕಾರ, ಆವತ್ತ ನಿಮಗ ಬಸ್ ಸಿಕ್ತೇನ್ರಿ?" ಎಂದು ಕೇಳಿದಳು.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಬೇಕು ಎಂದೇ ಕೇಳಿದ್ದಳು.

"ಸಿಕ್ತವಾ" ಎಂದೆ. "ಕುಂದರಾಕ ಜಾಗಾನೂ ಸಿಕ್ತು."